ಬೆಳೆಗೆ ಬಳಸುವ ಬ್ಯಾಕ್ಟೀರಿಯಾ ಶಿಲೀಂಧ್ರನಾಶಕ ಮನುಷ್ಯರಿಗೆ ಸುರಕ್ಷಿತ ಅಂತ ಹೇಗೆ ತೀರ್ಮಾನಿಸುತ್ತಾರೆ?

ಬೆಳೆಗೆ ಶಿಲೀಂಧ್ರ (ಬೂಷ್ಟು) ರೋಗ ಬಾರದಂತೆ ಬಳಸುವ ಸ್ಯೂಡೋಮೋನಾಸ್ ಫ್ಲೋರೆಸೆನ್ಸ್, ಬ್ಯಾಸಿಲಸ್ ಸಬ್ಟಿಲಿಸ್ ಮಣ್ಣಿನಲ್ಲೇ ಇರುವ ಬ್ಯಾಕ್ಟೀರಿಯಾಗಳು. ಹಾಗಂತ ಸುಮ್ನೆ ಒಪ್ಪಿಗೆ ಸಿಗುವುದಿಲ್ಲ.

ರಾಸಾಯನಿಕ ಔಷಧಿಯಲ್ಲಿ ವಿಷ ಎಷ್ಟು ಅಂತ ನೋಡುತ್ತಾರೆ. ಇದು ಜೀವ ಇರುವಂಥದ್ದು, ಹಾಗಾಗಿ ಮೈಯೊಳಗೆ ಹೋದರೆ ಬೆಳೆಯುತ್ತದಾ ಅಂತಲೂ ನೋಡಬೇಕು. ಇಲಿಗಳಿಗೆ ಬಾಯಿಯಿಂದ, ಶ್ವಾಸಕೋಶಕ್ಕೆ, ರಕ್ತಕ್ಕೆ ಕೊಟ್ಟು, ಅಂಗಾಂಗಗಳಿಂದ ಅದು ಎಷ್ಟು ದಿನದಲ್ಲಿ ಖಾಲಿಯಾಗುತ್ತದೆ ಅಂತ ಗಮನಿಸುತ್ತಾರೆ. ಅದು ಉತ್ಪಾದಿಸುವ ವಸ್ತುಗಳಲ್ಲಿ ವಿಷ ಇದೆಯಾ, ಜೇನುನೊಣ, ಮೀನು, ಹಕ್ಕಿಗಳಿಗೆ ತೊಂದರೆ ಇದೆಯಾ ಅನ್ನುವುದೂ ಬೇಕು.

ಮುಖ್ಯ ವಿಷಯ ಏನೆಂದರೆ, ಹೆಸರು ಒಂದೇ ಆದರೂ ತಳಿಯಿಂದ ತಳಿಗೆ ಗುಣ ಬೇರೆ. ಅದಕ್ಕೇ ಒಪ್ಪಿಗೆ ಸಿಗುವುದು ತಳಿಗೆ. ಬರ್ಕ್‌ಹೋಲ್ಡೇರಿಯಾ ಸೆಪೇಶಿಯಾ ಅನ್ನುವ ಬ್ಯಾಕ್ಟೀರಿಯಾದ ಕಥೆ ಗೊತ್ತಾ? ಬೇರು ಕೊಳೆ ರೋಗಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತಿತ್ತು, 1990ರ ದಶಕದಲ್ಲಿ ಅಮೆರಿಕದಲ್ಲಿ ನೋಂದಣಿಯೂ ಆಗಿತ್ತು. ಆದರೆ ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುವ ಆನುವಂಶಿಕ ಕಾಯಿಲೆ) ಇರುವವರ ಶ್ವಾಸಕೋಶಕ್ಕೆ ಅದೇ ಗುಂಪಿನ ಬ್ಯಾಕ್ಟೀರಿಯಾ ಜೀವಕ್ಕೇ ಅಪಾಯ. ಕೊನೆಗೆ ಆ ಬಳಕೆ ನಿಂತಿತು.

ಭಾರತದಲ್ಲಿ ಇವು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕು. ಸಾಲ್ಮೊನೆಲ್ಲಾ, ಶಿಗೆಲ್ಲಾದಂಥ ರೋಗಾಣುಗಳು ಬೆರೆತಿರಬಾರದು. ನನ್ನ ಪ್ರಕಾರ ನಮ್ಮಲ್ಲಿ ಜಾಸ್ತಿ ಭಯ ಇರಬೇಕಾದ್ದು ಇಲ್ಲೇ, ಅಂದರೆ ನೋಂದಣಿಯಿಲ್ಲದ, ಕಲಬೆರಕೆ ಪ್ಯಾಕೆಟ್‌ಗಳ ಬಗ್ಗೆ. ನೋಂದಣಿ ಸಂಖ್ಯೆ, ಅವಧಿ ನೋಡಿ ಕೊಳ್ಳಿ. ಪುಡಿ ಕಲಸುವಾಗ ಮಾಸ್ಕ್ ಹಾಕಿ. ಕೆಲವರಿಗೆ ಅಲರ್ಜಿ ಆಗಬಹುದು.