ಪಶುಪಾಲಕರ ಪ್ರಶ್ನೋತ್ತರ: ಕರುವಿಗೆ ಜಂತು, ತಾಯಿಗೆ ಏಕಿಲ್ಲ?

ಪ್ರಶ್ನೆ: ಒಂದೇ ಬದುವಿನಲ್ಲಿ ಮೇಯ್ದರೂ ಕರು ಮಾತ್ರ ಭೇದಿಯಾಗಿ ಸೊರಗುತ್ತದೆ, ಹಸು ಗಟ್ಟಿಯಾಗಿದೆ. ಎಲ್ಲಕ್ಕೂ ಮೂರು ತಿಂಗಳಿಗೊಮ್ಮೆ ಔಷಧಿ ಕುಡಿಸಬೇಕೇ?
– ಓದುಗರೊಬ್ಬರು, ಹರಿಹರ ತಾಲ್ಲೂಕು

ಉತ್ತರ: ಬೇಡ. ಹಸುವಿನ ಹೊಟ್ಟೆಯಲ್ಲೂ ಹುಳ ಇರುತ್ತವೆ, ಕಡಿಮೆ ಅಷ್ಟೇ. ಮೇವಿನೊಂದಿಗೆ ಮರಿಹುಳ ಪದೇಪದೇ ಒಳಹೊಕ್ಕಾಗ ಕರುಳು ಅವನ್ನು ಗುರುತಿಸಲು ಕಲಿಯುತ್ತದೆ. ಲೋಳೆಪೊರೆಯಲ್ಲಿ ಪ್ರತಿಕಾಯಗಳು ಹೆಚ್ಚುತ್ತವೆ. ಹೊಸ ಮರಿಗಳು ನೆಲೆಯೂರುವುದಿಲ್ಲ, ಊರಿದವು ಗಿಡ್ಡಾಗಿ ಕಡಿಮೆ ಮೊಟ್ಟೆ ಇಡುತ್ತವೆ. ಸಣ್ಣಕರುಳಿನ ದುಂಡುಹುಳವಾದ ಕೂಪೀರಿಯಾದ ವಿರುದ್ಧ ಒಂದು ಮೇವಿನ ಋತುವಿನಲ್ಲೇ ಈ ಶಕ್ತಿ ಬರುತ್ತದೆ. ಹೊಟ್ಟೆಯ ದುಂಡುಹುಳವಾದ ಆಸ್ಟರ್‌ಟೇಜಿಯಾಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ಹಿಂಡಿ, ಹಸಿಮೇವು ಸಾಲದ ಬಡಕಲು ಮಣಕಕ್ಕೆ ಅದು ತಡವಾಗಿ ಬರುತ್ತದೆ. ಕರು ಹಾಕುವ ಆಸುಪಾಸಿನಲ್ಲಿ ಹಸುವಿನಲ್ಲೂ ಕುಗ್ಗುತ್ತದೆ.

ಎಳೆಗರುವಿನ ದೊಡ್ಡ ದುಂಡುಹುಳದ ಕಥೆ ಬೇರೆ: ಅದು ತಾಯಿಯ ಹಾಲಿನಿಂದಲೇ ಬರುತ್ತದೆ, ಎಮ್ಮೆಗರುಗಳಲ್ಲಿ ಹೆಚ್ಚು. ಹುಟ್ಟಿದ 10–15 ದಿನಕ್ಕೆ, ಹುಳ ಮೊಟ್ಟೆ ಇಡುವ ಮೊದಲೇ, ಪೈಪರಜಿನ್ ಕೊಡಿಸಿ.

ದೊಡ್ಡ ಹಸುಗಳಿಗೆ ಸಗಣಿ ಪರೀಕ್ಷೆ ಮಾಡಿಸಿಯೇ ಔಷಧಿ. ಆಲ್ಬೆಂಡಜೋಲ್ ಆದರೆ ದುಂಡುಹುಳಕ್ಕೆ ಕೆಜಿಗೆ 7.5 ಮಿ.ಗ್ರಾಂ, ಗಬ್ಬದ ಮೊದಲ 45 ದಿನ ಬೇಡವೇ ಬೇಡ. ಕಣ್ಣಂದಾಜಿನ ತೂಕ ನಂಬಬೇಡಿ. ಎದೆಸುತ್ತಳತೆಯನ್ನು ಅದರಿಂದಲೇ ಗುಣಿಸಿ, ದೇಹದ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ (ಅಳತೆ ಇಂಚಿನಲ್ಲಿ) ಕೆಜಿ ಸಿಗುತ್ತದೆ. ಡೋಸ್ ಕಡಿಮೆಯಾದರೆ ಔಷಧಿಗೆ ಬಗ್ಗದ ಹುಳಗಳೇ ಉಳಿದು ಹೆಚ್ಚುತ್ತವೆ.

ಭದ್ರಾ ನಾಲೆಯ ಗದ್ದೆ ಬಯಲಿನವರಾದರೆ ಒಂದು ಮಾತು: ಬಸವನಹುಳುವಿನಿಂದ ಹರಡುವ ಯಕೃತ್ತಿನ ಚಪ್ಪಟೆ ಹುಳಕ್ಕೆ ವಯಸ್ಸಾದ ಹಸುವೂ ತುತ್ತಾಗುತ್ತದೆ. ಗದ್ದೆಯಂಚಿನ ಹುಲ್ಲು ಹಾಕುವವರು ಸಗಣಿ ಪರೀಕ್ಷೆಯಲ್ಲಿ ಅದನ್ನೂ ನೋಡಲು ಹೇಳಿ.