ಮಳೆಗಾಲದ ಊರಿಗೆ ಎಂಪಿಪಿಟಿ ಕಂಟ್ರೋಲರ್ ದಂಡವೇ?

ಎರಡು 330 ವಾಟಿನ ಸೋಲಾರ್ ಪ್ಯಾನಲ್, 150 ಎಎಚ್‌ನ (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ಎರಡು ಟ್ಯೂಬುಲರ್ ಬ್ಯಾಟರಿ, ಕೊಡಗಿನ ಕಕ್ಕಬ್ಬೆ ಕಡೆಯ ತೋಟದ ಮನೆ. ಪ್ಯಾನಲ್ಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡಲು 1,200 ರೂಪಾಯಿಯ ಪಿಡಬ್ಲ್ಯುಎಂ ಬಗೆಯ ಕಂಟ್ರೋಲರ್ ಸಾಕೇ, ಮೂರು ತಿಂಗಳು ಬಿಸಿಲೇ ಕಾಣದ ಊರಿನಲ್ಲಿ 8,000 ರೂಪಾಯಿಯ ಎಂಪಿಪಿಟಿ ಬಗೆಯದು ದಂಡವಲ್ಲವೇ ಎಂದು ಕೇಳಿದ್ದೀರಿ. 2019ರ ಆರಂಭದಲ್ಲಿ ನಾನು ಅಂಗಡಿಯವನಿಗೆ ಕೇಳಿದ್ದು ಹೆಚ್ಚುಕಡಿಮೆ ಇದೇ ಮಾತು. ಪ್ಯಾನಲ್ಲಿನ ವಾಟು, ಬ್ಯಾಟರಿಯ ಎಎಚ್ ಕೂಡ ಇವೇ.

ನಮ್ಮ ಮನೆ ಇರುವುದು ಗಾಳಿಬೀಡು ಕಡೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಮಗೆ ಬರುತ್ತಿದ್ದ ಲೈನಿನ ಕಂಬಗಳೂ ಮಣ್ಣಿನ ಜೊತೆಗೇ ಇಳಿದುಹೋದವು. ಮುಂದಿನ ಕಾಫಿಯ ಹಣ ಕೈಗೆ ಬಂದ ಕೂಡಲೇ, ಇನ್ನು ಕಂಬವನ್ನು ನಂಬಿ ಕೂರುವುದಿಲ್ಲ ಎಂದು ನಿರ್ಧರಿಸಿ, ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಎರಡು ಪ್ಯಾನಲ್ ನಿಲ್ಲಿಸಿದೆ. ತೋಟದಲ್ಲಿ ಮರದ ನೆರಳು ಬೀಳದ ಜಾಗವೆಂದರೆ ಕಣವೊಂದೇ ಎಂಬುದು ನಿಮಗೂ ಗೊತ್ತಿರುತ್ತದೆ. ಬ್ಯಾಟರಿಗಳನ್ನು ಪ್ಯಾರಲಲ್ ಆಗಿ ಜೋಡಿಸಿ 12 ವೋಲ್ಟ್ ಮಾಡಿದೆ, ಏಕೆಂದರೆ ಮನೆಯಲ್ಲಿ ಮೊದಲೇ ಇದ್ದ ಇನ್ವರ್ಟರ್ 12 ವೋಲ್ಟಿನದು. ಕಂಟ್ರೋಲರ್ ಮಾತ್ರ ಪಿಡಬ್ಲ್ಯುಎಂ, 30 ಆಂಪಿಯರಿನದು, ಅದರ ಮೇಲೆ "12/24 ವೋಲ್ಟ್ ಆಟೊ" ಎಂದು ಅಚ್ಚಾಗಿತ್ತು. ಪ್ಯಾನಲ್ಲಿನಿಂದ 18 ಆಂಪಿಯರಿಗಿಂತ ಹೆಚ್ಚು ಬರುವುದಿಲ್ಲ, 30 ಆಂಪಿಯರಿನ ಪೆಟ್ಟಿಗೆ ಧಾರಾಳವಾಯಿತು ಎಂದು ಅಂಗಡಿಯವನು ಹೇಳಿದ, ಮತ್ತು ಆ ಮಾತು ಸುಳ್ಳೂ ಆಗಿರಲಿಲ್ಲ.

ಬೇಸಿಗೆ ಮುಗಿಯುವವರೆಗೆ ಯಾವ ತೊಂದರೆಯೂ ಕಾಣಲಿಲ್ಲ. ದೀಪಗಳು, ಎರಡು ಫ್ಯಾನು, ಟಿವಿ, ರೌಟರ್, ಮೊಬೈಲ್ ಚಾರ್ಜ್ ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಯೂನಿಟ್ಟಿನಷ್ಟು ಖರ್ಚು. ಸಂಜೆಯ ಹೊತ್ತಿಗೆ ಕಂಟ್ರೋಲರಿನ ಹಸಿರು ದೀಪ ಉರಿಯುತ್ತಿತ್ತು, ಬ್ಯಾಟರಿ ತುಂಬಿದೆ ಎಂದು ನಾವು ನೆಮ್ಮದಿಯಾಗಿದ್ದೆವು. ಜೂನ್ ಎರಡನೆಯ ವಾರದಿಂದ ರಾತ್ರಿ ಒಂಬತ್ತಕ್ಕೇ ಇನ್ವರ್ಟರ್ ಕೂಗತೊಡಗಿತು. ಕೇಳಿದವರೆಲ್ಲ "ಮಳೆಗಾಲದಲ್ಲಿ ಸೋಲಾರ್ ಅಂದರೆ ಇಷ್ಟೇ" ಎಂದರು, ನಾನೂ ಒಪ್ಪಿಕೊಂಡೆ. ಜಡಿಮಳೆಯ ಕಕ್ಕಡ ತಿಂಗಳು ಕಳೆದು, ಕೈಲ್ ಪೊಳ್ದ್ ಹಬ್ಬ ಕಳೆದು, ಅಕ್ಟೋಬರಿನಲ್ಲಿ ಬಿಸಿಲು ಬಂದಾಗ ಬ್ಯಾಟರಿಗಳು ಬೆಳಗ್ಗೆ ಹತ್ತಕ್ಕೇ "ತುಂಬಿ" ಸಂಜೆ ಏಳಕ್ಕೆ ಬರಿದಾಗುತ್ತಿದ್ದವು. ನಾಲ್ಕು ತಿಂಗಳು ಅರೆಹೊಟ್ಟೆಯಲ್ಲಿದ್ದ ಲೆಡ್ ಆಸಿಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತರೆ ಆಗುವುದು ಹೀಗೆಯೇ. ಎರಡೂ ಬ್ಯಾಟರಿಗಳನ್ನು ಗುಜರಿಗೆ ಹಾಕಿ ಹೊಸದು ತಂದೆ. ಕಂಟ್ರೋಲರನ್ನು ಮುಟ್ಟಲಿಲ್ಲ. 2020ರ ಮಳೆಗಾಲ ಹೊಸ ಬ್ಯಾಟರಿಗಳಿಗೂ ಅದೇ ಗತಿ ತೋರಿಸತೊಡಗಿತು.

ಆ ವರ್ಷ ಸುಗ್ಗಿಯ ಹಬ್ಬ ಹುತ್ತರಿ ಕಳೆದ ಮೇಲೆ ಆನೆಯ ಸೋಲಾರ್ ಬೇಲಿ ರಿಪೇರಿಗೆ ಬಂದಿದ್ದ ಹುಡುಗನೊಬ್ಬ ಕಣದ ಅಂಚಿನಲ್ಲಿ ನಿಂತು ಪ್ಯಾನಲ್ ನೋಡಿ, "ಅಣ್ಣ, ಇದು ಇಪ್ಪತ್ತನಾಲ್ಕು ವೋಲ್ಟ್ ಬ್ಯಾಟರಿಗೆ ಹಾಕೋ ಪ್ಯಾನಲ್ ಅಲ್ವಾ? ಒಳಗೆ ಬ್ಯಾಟರಿ ಎಷ್ಟರದು?" ಎಂದು ಕೇಳಿದ. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವನು ಪ್ಯಾನಲ್ಲಿನ ಹಿಂದೆ ಬಗ್ಗಿ, ಲೇಬಲ್ಲಿನ ಅರ್ಧ ಭಾಗವನ್ನು ಮುಚ್ಚಿದ್ದ ಕಣಜದ ಮಣ್ಣಿನ ಗೂಡನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದ. ವಿಎಂಪಿ (ಪೂರ್ತಿ ದುಡಿಯುವಾಗಿನ ವೋಲ್ಟೇಜ್) 37.4 ವೋಲ್ಟ್, ಐಎಂಪಿ (ಆಗಿನ ಕರೆಂಟು) 8.83 ಆಂಪಿಯರ್, ವಿಓಸಿ (ಏನನ್ನೂ ಜೋಡಿಸದಿದ್ದಾಗಿನ ವೋಲ್ಟೇಜ್) 45.9 ವೋಲ್ಟ್. ಆಮೇಲೆ ಒಳಗೆ ಬಂದು, ಕಂಟ್ರೋಲರಿನ ಪ್ಯಾನಲ್ ವಯರು ಬಿಚ್ಚಿ ಮಲ್ಟಿಮೀಟರ್ ಹಿಡಿದಾಗ ಅದು 43 ವೋಲ್ಟ್ ತೋರಿಸಿತು. ವಯರು ಮತ್ತೆ ಸಿಕ್ಕಿಸಿದ. ಅದೇ ಎರಡು ತುದಿಗಳ ನಡುವೆ ಈಗ 12.9 ವೋಲ್ಟ್. ನಡುಮಧ್ಯಾಹ್ನ, ಮೋಡವಿಲ್ಲದ ಡಿಸೆಂಬರಿನ ಬಿಸಿಲು. ಕ್ಲ್ಯಾಂಪ್ ಮೀಟರಿನಲ್ಲಿ 17 ಆಂಪಿಯರ್ ಹರಿಯುತ್ತಿತ್ತು. 12.9ನ್ನು 17ರಿಂದ ಗುಣಿಸಿದರೆ 220 ವಾಟಿನ ಆಸುಪಾಸು. ನಾನು ಹಣ ಕೊಟ್ಟದ್ದು 660 ವಾಟಿಗೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಎರಡು ವರ್ಷ ನನಗೆ ಅರ್ಥವಾಗದೇ ಇದ್ದದ್ದು ಇದೊಂದೇ. ಪಿಡಬ್ಲ್ಯುಎಂ ಕಂಟ್ರೋಲರ್ ಎಂದರೆ ಮೂಲತಃ ಒಂದು ಸ್ವಿಚ್ಚು. ಬ್ಯಾಟರಿ ಹಸಿದಿರುವಾಗ ಅದು ಪ್ಯಾನಲ್ಲನ್ನು ನೇರವಾಗಿ ಬ್ಯಾಟರಿಗೆ ಜೋಡಿಸುತ್ತದೆ. ತುಂಬುತ್ತ ಬಂದಾಗ ಸೆಕೆಂಡಿಗೆ ಹಲವು ಬಾರಿ ಹಚ್ಚಿ ಆರಿಸಿ ಕರೆಂಟನ್ನು ಕಡಿಮೆ ಮಾಡುತ್ತದೆ. ನೇರವಾಗಿ ಜೋಡಿಸಿದಾಗ ಪ್ಯಾನಲ್ಲಿನ ವೋಲ್ಟೇಜ್ ಬ್ಯಾಟರಿಯ ವೋಲ್ಟೇಜಿಗೆ ಇಳಿದು ಕೂರುತ್ತದೆ, ಆದರೆ ಆಂಪಿಯರ್ ಮಾತ್ರ ಏರುವುದಿಲ್ಲ. 37 ವೋಲ್ಟಿನಲ್ಲಿ 8.8 ಆಂಪಿಯರ್ ಕೊಡುವ ಪ್ಯಾನಲ್ 13 ವೋಲ್ಟಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಕೊಡುತ್ತದೆ. ಉಳಿದ 24 ವೋಲ್ಟಿನ ಲೆಕ್ಕ ಎಲ್ಲಿಗೂ ಜಮೆಯಾಗುವುದಿಲ್ಲ. 500ರ ನೋಟು ಕೊಟ್ಟು 180 ರೂಪಾಯಿಯ ಸಾಮಾನು ತಂದು ಚಿಲ್ಲರೆ ಕೇಳದೆ ಬಂದ ಹಾಗೆ. ಎಂಪಿಪಿಟಿ ಆ ಚಿಲ್ಲರೆಯನ್ನು ವಾಪಸು ಕೊಡುತ್ತದೆ: ಪ್ಯಾನಲ್ಲನ್ನು ಅದರ 37 ವೋಲ್ಟಿನಲ್ಲೇ ದುಡಿಯಲು ಬಿಟ್ಟು, ಒಳಗೆ ವೋಲ್ಟೇಜನ್ನು ಇಳಿಸಿ ಆ ಪ್ರಮಾಣದಲ್ಲಿ ಆಂಪಿಯರನ್ನು ಏರಿಸಿ ಬ್ಯಾಟರಿಗೆ ತುಂಬುತ್ತದೆ.

ನನ್ನ ಬೇಸಿಗೆಯ ನೆಮ್ಮದಿಯ ಗುಟ್ಟು ಆಗ ತಿಳಿಯಿತು. 220 ವಾಟ್ ಐದು ಗಂಟೆ ಸಿಕ್ಕರೆ ಒಂದು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು, ನಮ್ಮ ಖರ್ಚು ಅದರೊಳಗೇ ಇತ್ತು. ಮೂರನೇ ಎರಡು ಭಾಗ ಸೋರಿಹೋಗುತ್ತಿದ್ದರೂ ಮನೆ ನಡೆಯುತ್ತಿತ್ತು, ಹಾಗಾಗಿ ಅನುಮಾನವೇ ಬರಲಿಲ್ಲ.

ಈಗ ನಿಮ್ಮ ಮಳೆಗಾಲದ ವಾದಕ್ಕೆ ಬರುತ್ತೇನೆ, ಅದನ್ನು ನಾನು ಒಪ್ಪುವುದಿಲ್ಲ. ಮೋಡ ಕವಿದಾಗ ಪ್ಯಾನಲ್ಲಿನಲ್ಲಿ ಕುಸಿಯುವುದು ಆಂಪಿಯರ್. ವೋಲ್ಟೇಜ್ ಸ್ವಲ್ಪ ಮಾತ್ರ ಇಳಿಯುತ್ತದೆ. ಬೆಳಕು ಶೇ 15ಕ್ಕೆ ಬಂದ ದಿನ ನನ್ನ ಎರಡು ಪ್ಯಾನಲ್ಲುಗಳಿಂದ ಎರಡೂವರೆ ಆಂಪಿಯರ್ ಹುಟ್ಟುತ್ತದೆ ಎಂದಿಟ್ಟುಕೊಳ್ಳಿ. ಪಿಡಬ್ಲ್ಯುಎಂ ಅದನ್ನು 12.5 ವೋಲ್ಟಿನಲ್ಲಿ ತೆಗೆದುಕೊಂಡರೆ ಸಿಗುವುದು 30 ವಾಟ್. ಎಂಪಿಪಿಟಿ ಇದ್ದರೆ 90ರ ಆಸುಪಾಸು. ಎಂಟು ಗಂಟೆಗೆ ಕಾಲು ಯೂನಿಟ್ಟು ಮತ್ತು ಮುಕ್ಕಾಲು ಯೂನಿಟ್ಟಿನ ವ್ಯತ್ಯಾಸ ಅದು, ಆ ಮುಕ್ಕಾಲು ಯೂನಿಟ್ಟೆಂದರೆ ನಮ್ಮ ಮನೆಯ ಇಡೀ ದಿನದ ಖರ್ಚು. ಬೇಸಿಗೆಯಲ್ಲಿ ಎಂಪಿಪಿಟಿ ಇಲ್ಲದಿದ್ದರೂ ನಡೆಯುತ್ತಿತ್ತು. ದಂಡ ಬಿದ್ದದ್ದು ಮಳೆಗಾಲದಲ್ಲಿ, ಅದೂ ಬ್ಯಾಟರಿಯ ರೂಪದಲ್ಲಿ. ಮಂಜು ಮುಚ್ಚಿ ಹಗಲಿನಲ್ಲೇ ದೀಪ ಹಚ್ಚುವ ಕಕ್ಕಡದ ಕೆಲವು ದಿನಗಳಲ್ಲಿ ಯಾವ ಕಂಟ್ರೋಲರೂ ಏನೂ ಮಾಡಲಾರದು. ಅಂಥ ವಾರಗಳಲ್ಲಿ ನಾನು ಜನರೇಟರ್ ಹಾಕಿ ಇನ್ವರ್ಟರಿನ ಚಾರ್ಜರಿನಿಂದ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಹೈಡ್ರೋಮೀಟರಿನಲ್ಲಿ ಆಸಿಡ್ಡಿನ ಗ್ರಾವಿಟಿ (ಸಾಂದ್ರತೆ, ಬ್ಯಾಟರಿ ತುಂಬಿದ್ದರ ಗುರುತು) 1240 ಮುಟ್ಟಿತೇ ಎಂದು ನೋಡುತ್ತೇನೆ.

ಎಂಪಿಪಿಟಿಯಿಂದ ಶೇ 30 ಹೆಚ್ಚು ಸಿಗುತ್ತದೆ ಎಂದು ಎಲ್ಲೋ ಓದಿದ್ದಾಗಿಯೂ ನೀವು ಬರೆದಿದ್ದೀರಿ. ಆ ಸಂಖ್ಯೆಯನ್ನು ಮರೆತುಬಿಡಿ. ಪ್ಯಾನಲ್ಲಿನ ವೋಲ್ಟೇಜಿಗೂ ಬ್ಯಾಟರಿಯ ವೋಲ್ಟೇಜಿಗೂ ಎಷ್ಟು ಅಂತರವಿದೆ ಎಂಬುದರ ಮೇಲೆ ಲಾಭ ನಿಂತಿದೆ. 36 ಸೆಲ್ಲಿನ ಚಿಕ್ಕ ಪ್ಯಾನಲ್ 18 ವೋಲ್ಟಿನಲ್ಲಿ ದುಡಿಯುತ್ತದೆ. ಅದನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿದರೆ ಪಿಡಬ್ಲ್ಯುಎಂನಿಂದ ಆಗುವ ನಷ್ಟ ಅಷ್ಟೇನೂ ದೊಡ್ಡದಲ್ಲ. ನಮ್ಮಂಥವರ 72 ಸೆಲ್ಲಿನ ಪ್ಯಾನಲ್ಲನ್ನು ಅದೇ ಬ್ಯಾಟರಿಗೆ ಹಾಕಿದರೆ ವ್ಯತ್ಯಾಸ ಎರಡು ಪಟ್ಟನ್ನೂ ಮೀರುತ್ತದೆ. ನಾನು ಪಿಡಬ್ಲ್ಯುಎಂ ಕೊಂಡದ್ದೇ ತಪ್ಪು ಎಂದು ಹಲವರು ತಿಳಿದುಕೊಂಡಿದ್ದಾರೆ. ಅದು ತಪ್ಪಲ್ಲ. ಪ್ಯಾನಲ್ಲಿನ ಹಿಂದಿನ ಲೇಬಲ್ ಓದದೆ, ವಾಟ್ ಮತ್ತು ಆಂಪಿಯರ್ ಎರಡನ್ನೇ ನೋಡಿ ಕಂಟ್ರೋಲರ್ ಆರಿಸಿದ್ದು ತಪ್ಪು. ಅದೇ ಪಿಡಬ್ಲ್ಯುಎಂ ಪೆಟ್ಟಿಗೆಯನ್ನು ಇಟ್ಟುಕೊಂಡು ಎರಡು ಬ್ಯಾಟರಿಗಳನ್ನು ಸೀರೀಸ್ ಮಾಡಿ 24 ವೋಲ್ಟಿಗೆ ಏರಿಸಿದ್ದರೆ ಒಂದೊಂದು ಪ್ಯಾನಲ್ಲಿನಿಂದ 230 ವಾಟ್ ಬರುತ್ತಿತ್ತು, ಎರಡರಿಂದ 460. ಇನ್ವರ್ಟರ್ ಬದಲಿಸುವ ಖರ್ಚು ಉಳಿಸಲು ಹೋಗಿ ಎರಡು ಬ್ಯಾಟರಿಯ ಬೆಲೆ ತೆತ್ತೆ.

ಆದ್ದರಿಂದ ಯಾವ ಕಂಟ್ರೋಲರ್ ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ನಿಮ್ಮ ಇನ್ವರ್ಟರ್ 12 ವೋಲ್ಟಿನದಾಗಿದ್ದರೆ ಅದನ್ನು ಮಾರಿ 24 ವೋಲ್ಟಿನದು ತನ್ನಿ, ಬ್ಯಾಟರಿಗಳನ್ನು ಸೀರೀಸ್ ಮಾಡಿ, ಆಮೇಲೆ ಎಂಪಿಪಿಟಿ ಕೊಳ್ಳಿ. 660 ವಾಟನ್ನು 24 ವೋಲ್ಟಿನಿಂದ ಭಾಗಿಸಿದರೆ 27.5 ಆಂಪಿಯರ್, 30ರದು ಸಾಕು. 12 ವೋಲ್ಟಿನಲ್ಲೇ ಉಳಿದರೆ ಅದೇ ಪ್ಯಾನಲ್ಲುಗಳಿಗೆ 55 ಆಂಪಿಯರ್ ಬೇಕಾಗುತ್ತದೆ, ಅಷ್ಟು ದೊಡ್ಡ ಪೆಟ್ಟಿಗೆಗೆ ಕೊಡುವ ಹೆಚ್ಚಿನ ಹಣದಲ್ಲಿ ಇನ್ವರ್ಟರಿನ ಒಂದಷ್ಟು ಪಾಲು ಬಂದುಬಿಡುತ್ತದೆ.

ಎಂಪಿಪಿಟಿಯಲ್ಲಿ ನೋಡಬೇಕಾದ ಎರಡನೆಯ ಸಂಖ್ಯೆ ಪ್ಯಾನಲ್ ಕಡೆಯ ಗರಿಷ್ಠ ವೋಲ್ಟೇಜ್, ಮತ್ತು ಇದನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ನಮ್ಮ ಕಣದಿಂದ ಮನೆಗೆ ವಯರು ಇಪ್ಪತ್ತು ಮೀಟರ್ ದಾಟುವುದರಿಂದ ಎಂಪಿಪಿಟಿ ಹಾಕಿದ ಮೇಲೆ ನಾನು ಎರಡು ಪ್ಯಾನಲ್ಲುಗಳನ್ನು ಸೀರೀಸ್ ಮಾಡಿದ್ದೇನೆ. ಕರೆಂಟು ಅರ್ಧವಾಗುವುದರಿಂದ ವಯರಿನಲ್ಲಿ ಹೋಗುವ ನಷ್ಟ ಕಡಿಮೆ. ಆಗ ವಿಓಸಿ 92 ವೋಲ್ಟ್ ಆಗುತ್ತದೆ. ಆದರೆ ಲೇಬಲ್ಲಿನ ಅಂಕಿ 25 ಡಿಗ್ರಿ ಸೆಲ್ಸಿಯಸ್ಸಿನದು, ಮತ್ತು ಪ್ಯಾನಲ್ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ, ಪ್ರತಿ ಡಿಗ್ರಿಗೆ ಸುಮಾರು ಶೇ 0.3. ಜನವರಿಯ ಬೆಳಗ್ಗೆ 10 ಡಿಗ್ರಿಯ ಚಳಿಯಲ್ಲಿ ಮೊದಲ ಬಿಸಿಲು ಬಿದ್ದಾಗ ಅದು 96 ಮುಟ್ಟುತ್ತದೆ. 100 ವೋಲ್ಟಿನ ಕಂಟ್ರೋಲರಿಗೆ ಇದು ತೀರಾ ಅಂಚು. 150 ವೋಲ್ಟಿನದನ್ನೇ ತೆಗೆದುಕೊಳ್ಳಿ. ಈ ಮಿತಿ ದಾಟಿದರೆ ಒಳಗಿನ ಭಾಗಗಳು ಸುಟ್ಟುಹೋಗುತ್ತವೆ, ಅದಕ್ಕೆ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ.

ತೀರಾ ಅಗ್ಗದ "ಎಂಪಿಪಿಟಿ" ಕಂಡರೆ ಜಾಗ್ರತೆ. ಮುಚ್ಚಳದ ಮೇಲೆ ಎಂಪಿಪಿಟಿ ಎಂದು ಅಚ್ಚು ಹಾಕಿ ಒಳಗೆ ಪಿಡಬ್ಲ್ಯುಎಂ ಇಟ್ಟ ಪೆಟ್ಟಿಗೆಗಳು ಬೇಕಾದಷ್ಟಿವೆ. ಬಿಸಿಲಿನಲ್ಲಿ, ಬ್ಯಾಟರಿ ಅರ್ಧ ಖಾಲಿ ಇರುವಾಗ, ಕ್ಲ್ಯಾಂಪ್ ಮೀಟರನ್ನು ಮೊದಲು ಪ್ಯಾನಲ್ ವಯರಿಗೆ, ಆಮೇಲೆ ಬ್ಯಾಟರಿ ವಯರಿಗೆ ಹಿಡಿಯಿರಿ. ಬ್ಯಾಟರಿ ಕಡೆ ಆಂಪಿಯರ್ ಸ್ಪಷ್ಟವಾಗಿ ಹೆಚ್ಚಿದ್ದರೆ ಅದು ನಿಜವಾದ ಎಂಪಿಪಿಟಿ. ಎರಡೂ ಕಡೆ ಒಂದೇ ಇದ್ದರೆ ಅವತ್ತೇ ಹಿಂದಿರುಗಿಸಿ. ಜೋಡಿಸುವಾಗ ಮೊದಲು ಬ್ಯಾಟರಿ, ನಂತರ ಪ್ಯಾನಲ್. ಬಿಚ್ಚುವಾಗ ಮೊದಲು ಪ್ಯಾನಲ್, ನಂತರ ಬ್ಯಾಟರಿ. ಸೆಟ್ಟಿಂಗಿನಲ್ಲಿ ಬ್ಯಾಟರಿಯ ಬಗೆಯನ್ನು ಟ್ಯೂಬುಲರ್‌ಗೆ ಸರಿಯಾಗಿ "ಫ್ಲಡೆಡ್" (ನೀರು ಹಾಕುವ ಬಗೆ) ಎಂದು ಮಾಡಿ, ಏಕೆಂದರೆ ಕೆಲವು ಪೆಟ್ಟಿಗೆಗಳು ಅಂಗಡಿಯಿಂದ ಬರುವಾಗ "ಸೀಲ್ಡ್" ಎಂದೇ ಇರುತ್ತವೆ. ಮುಂದೆ ಲಿಥಿಯಂಗೆ ಹೋಗುವ ಯೋಚನೆಯಿದ್ದರೆ ವೋಲ್ಟೇಜುಗಳನ್ನು ನಾವೇ ಹೊಂದಿಸಿಕೊಳ್ಳಬಹುದಾದ ಕಂಟ್ರೋಲರನ್ನು ಈಗಲೇ ಆರಿಸಿ.

ಪ್ಯಾನಲ್ಲಿನ ಹಿಂದಿನ ಲೇಬಲ್ಲಿನ ಫೋಟೊ ಮತ್ತು ಇನ್ವರ್ಟರ್ ಎಷ್ಟು ವೋಲ್ಟಿನದು ಎಂಬುದನ್ನು ತಿಳಿಸಿದರೆ ಲೆಕ್ಕ ಮಾಡಿ ಹೇಳುತ್ತೇನೆ. ಅಂದಹಾಗೆ ನನ್ನ ಆ ಹಳೆಯ ಪಿಡಬ್ಲ್ಯುಎಂ ಕಂಟ್ರೋಲರನ್ನು ಎಸೆದಿಲ್ಲ. ಬೇಲಿ ರಿಪೇರಿಯ ಹುಡುಗನೇ ಅದನ್ನು ತೋಟದ ಕೆಳಗಿನ ಗೇಟಿನ ಹತ್ತಿರ, 36 ಸೆಲ್ಲಿನ 40 ವಾಟ್ ಪ್ಯಾನಲ್ಲಿಗೂ ಆನೆ ಬೇಲಿಯ 12 ವೋಲ್ಟ್ ಬ್ಯಾಟರಿಗೂ ನಡುವೆ ಹಾಕಿಕೊಟ್ಟ. ಅಲ್ಲಿಂದ ಈವರೆಗೆ ಅಲ್ಲಿ ಬ್ಯಾಟರಿ ಬದಲಿಸಿಲ್ಲ.