ಕೆಂಪಾಗಿದ್ದು ಕಿವಿಯ ಯಾವ ಭಾಗ?

ತಂಗಿ,

ನಿಮ್ಮ ‘ಕಿವಿ ದಿಢೀರನೆ ಕೆಂಪಾದರೆ’ ಲೇಖನ ತಲುಪಿತು. ಭಾಷೆ ತಿಳಿಯಾಗಿದೆ, ಕಾಗುಣಿತದ ತಪ್ಪು ಎರಡೇ ಎರಡು. ಆದರೆ ಎರಡನೇ ಪ್ಯಾರಾ ಓದುವಾಗ ಸಿಟ್ಟು ಬಂತು, ಮುಚ್ಚಿಡುವುದಿಲ್ಲ.

‘ಕಿವಿ ಕೆಂಪಾಗಲು ಅಲರ್ಜಿ, ಸೋಂಕು, ಉಷ್ಣ ಮುಂತಾದ ಹಲವು ಕಾರಣಗಳಿವೆ’ ಎಂದಿದ್ದೀರಿ. ಕಿವಿ ಉರಿಸಿಕೊಂಡು ಕೂತವರಿಗೆ ಈ ‘ಮುಂತಾದ’ದಿಂದ ಏನು ಸಿಕ್ಕಿತು? ಕಿವಿಯ ಯಾವ ಭಾಗ ಕೆಂಪಾಗಿದೆ ಎಂಬ ಮಾತೇ ನಿಮ್ಮ ನಾಲ್ಕು ಪುಟದಲ್ಲಿಲ್ಲ. ಓಲೆ ಹಾಕುವ ಮೆತ್ತನೆಯ ಹಾಲೆಯಲ್ಲಿ ಮೃದ್ವಸ್ಥಿ, ಅಂದರೆ ಕಿವಿಯ ಮೇಲ್ಭಾಗವನ್ನು ಗಟ್ಟಿಯಾಗಿಡುವ, ಬಾಗುವ ಮೆತ್ತೆಲುಬು, ಇರುವುದಿಲ್ಲ. ಹಾಲೆಯೂ ಸೇರಿ ಇಡೀ ಕಿವಿ ಕೆಂಪಾಗಿ ಊದಿ ಬಿಸಿಯಾಗಿದ್ದರೆ ಅದು ಚರ್ಮದ ಸೋಂಕಿರಬಹುದು. ಹಾಲೆ ಮಾಮೂಲಾಗಿದ್ದು, ಮೇಲಿನ ಗಟ್ಟಿ ಭಾಗ ಮಾತ್ರ ಕೆಂಪಾಗಿ ಮುಟ್ಟಿದರೆ ನೋಯುತ್ತಿದ್ದರೆ, ಮೃದ್ವಸ್ಥಿಯ ಹೊದಿಕೆಗೇ ಸೋಂಕು ತಗುಲಿರಬಹುದು. ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಆ ಹೊದಿಕೆಯೇ ಅದನ್ನು ಸಾಕುತ್ತದೆ. ನಡುವೆ ಕೀವು ತುಂಬಿದರೆ ಮೃದ್ವಸ್ಥಿ ಸತ್ತು ಕಿವಿ ಶಾಶ್ವತವಾಗಿ ಮುದುರುತ್ತದೆ.

ಮುಂದಿನ ಸಾಲು: ‘ಕಿವಿ ಚುಚ್ಚಿಸಿದಾಗ ಕೆಂಪಾಗುವುದು ಸಹಜ, ಗಾಬರಿ ಬೇಡ.’ ಇದನ್ನಂತೂ ಹೀಗೇ ಅಚ್ಚು ಮಾಡಲಾರೆ. ಅಕ್ಕಸಾಲಿಗರು ಮಗುವಿನ ಹಾಲೆಗೆ ಚುಚ್ಚಿದ ಮೇಲೆ ಒಂದೆರಡು ದಿನ ತುಸು ಕೆಂಪಾಗುವುದು ಹೌದು. ಈಗ ನಮ್ಮ ಕಾಲೇಜು ಹುಡುಗಿಯರು ಚುಚ್ಚಿಸುತ್ತಿರುವುದು ಮೇಲಂಚಿಗೆ. ಅಲ್ಲಿ ಕೆಂಪು, ಊತ, ನೋವು ದಿನೇದಿನೇ ಏರಿದರೆ ಅರಿಶಿನ ಹಚ್ಚಿ ಕಾಯುವಂತಿಲ್ಲ. ಅಲ್ಲಿ ಹೆಚ್ಚಾಗಿ ಸೇರಿಕೊಳ್ಳುವ ಸೂಡೊಮೊನಾಸ್ ಬ್ಯಾಕ್ಟೀರಿಯಾ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವ ಅಮಾಕ್ಸಿಸಿಲಿನ್‌ಗೆ ಬಗ್ಗುವುದಿಲ್ಲ. ಅದೇ ದಿನ ಕಿವಿ ಡಾಕ್ಟರಿಗೆ ತೋರಿಸಬೇಕು. ನಿಮ್ಮ ‘ಗಾಬರಿ ಬೇಡ’ ನಂಬಿ ಯಾವುದೋ ಹುಡುಗಿ ನಾಲ್ಕು ದಿನ ಸುಮ್ಮನಿದ್ದರೆ?

ನಾನು ಇಷ್ಟು ಹಟ ಹಿಡಿಯಲು ಕಾರಣವಿದೆ. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ಕಾಲ, 1997ಕ್ಕೂ ಮುಂಚೆ. ಇಲ್ಲಿನ ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದಲು ಸೇರಿದ್ದೆ. ಒಂದು ಸಂಜೆ ‘ನಗರದ ಕೆಲವೆಡೆ ವಾಂತಿಭೇದಿ’ ಎಂದು ಸುದ್ದಿ ಬರೆದುಕೊಟ್ಟೆ. ಸಂಪಾದಕರು ‘ಕೆಲವೆಡೆ’ಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ‘ಯಾವ ಓಣಿಯೋರು ನೀರು ಕಾಸಿ ಕುಡೀಬೇಕಪ್ಪಾ?’ ಅಂದರು. ನನ್ನಲ್ಲಿ ಉತ್ತರವಿರಲಿಲ್ಲ. ಸೈಕಲ್ ಹತ್ತಿ ಓಣಿ ಓಣಿ ತಿರುಗಿ, ಯಾವ ನಳದ ನೀರು ಕುಡಿದ ಮನೆಗಳಲ್ಲಿ ಮಲಗಿದ್ದಾರೆಂದು ಕೇಳಿ ಬರೆದುಕೊಂಡು ಬರುವಾಗ ರಾತ್ರಿ ಒಂಬತ್ತೂವರೆ. ಪುಟ ಕಟ್ಟದೆ, ಆ ನಾಲ್ಕು ಸಾಲಿನ ಜಾಗ ಬಿಟ್ಟು, ಅಚ್ಚಿನ ಮೊಳೆ ಜೋಡಿಸುವವರನ್ನೂ ಕೂರಿಸಿಕೊಂಡು ಕಾಯುತ್ತಿದ್ದರು.

ಒಂದೇ ಕಿವಿ ಆಗಾಗ ಉರಿದು ಕೆಂಪಾಗಿ, ಕೆಲ ನಿಮಿಷವೋ ಗಂಟೆಯೋ ಇದ್ದು ಇಳಿಯುವ ತೊಂದರೆಯನ್ನು ನೀವು ‘ಉಷ್ಣ’ಕ್ಕೆ ಸೇರಿಸಿಬಿಟ್ಟಿದ್ದೀರಿ. ಆಸ್ಟ್ರೇಲಿಯಾದ ನರರೋಗ ತಜ್ಞ ಜೇಮ್ಸ್ ಲ್ಯಾನ್ಸ್ 1996ರಲ್ಲಿ ಇದನ್ನೇ ‘ರೆಡ್ ಇಯರ್ ಸಿಂಡ್ರೋಮ್’ ಎಂದು ವಿವರಿಸಿದರು. ಮೈಗ್ರೇನ್ ಇರುವವರಲ್ಲಿ ಇದು ಕಾಣಿಸುವುದುಂಟು. ಅದಕ್ಕೊಂದು ಪ್ಯಾರಾ ಕೊಡಿ.

‘ಮುಂತಾದ’ ತೆಗೆದು, ಎರಡನೇ ಪುಟ ಹೊಸದಾಗಿ ಬರೆದು ಕಳಿಸಿ. ಈ ಸಂಚಿಕೆಯಲ್ಲಿ ನಿಮಗೆ ಜಾಗ ಇಟ್ಟಿರುತ್ತೇನೆ.